ಆರನೇ ನಂಬರಿನ ಚೈನು

ಬೆಳಗಿನ ಐದೂವರೆ. ಐಸ್ ಫ್ಯಾಕ್ಟರಿಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಮೂರು ಸೈಕಲ್ಲುಗಳು ತೊಲೆಯ ಕೊಕ್ಕೆಗಳಿಗೆ ನೇತುಬಿದ್ದಿವೆ. ಮೂರಕ್ಕೂ ಚೈನಿಲ್ಲ. ಚೈನುಗಳು ಕೆಳಗೆ, ಅಗಲವಾದ ತಟ್ಟೆಯ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆದು, ಈಗ ಹಳೆಯ ಬಟ್ಟೆಯ ಮೇಲೆ ಮೈಯೊರೆಸಿಕೊಂಡು ಮಲಗಿವೆ. ಅವುಗಳ ಮುಂದೆ ನಿಂತ ಹೆಂಗಸು ಒಂದನ್ನೆತ್ತಿ ಬೆಳಕಿಗೆ ಹಿಡಿದು, ಕೊಂಡಿ ಕೊಂಡಿಯನ್ನೂ ಬೆರಳಿನಲ್ಲಿ ಮಣಿಸಿ ನೋಡುತ್ತಾಳೆ. ತುಟಿ ಅಲ್ಲಾಡುತ್ತಿದೆ. ಜಪವೆಂದುಕೊಳ್ಳಬೇಕು, ಹಾಗಿದೆ ಮುಖ. ಹತ್ತಿರ ಹೋದರೆ ಕೇಳುವುದು ಲೆಕ್ಕ: ನೂರಹತ್ತು, ನೂರಹನ್ನೊಂದು, ನೂರಹನ್ನೆರಡು.

ಫ್ಯಾಕ್ಟರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚೈನಕ್ಕ ಎಂದೇ. ವಯಸ್ಸು ಐವತ್ತಾರು. ಇಲ್ಲಿರುವ ಒಂಬತ್ತು ಪೆಟ್ಟಿಗೆ ಸೈಕಲ್ಲುಗಳು ದಿನವೂ ಐಸು ಹೊತ್ತು ಕೆಳಗಿನ ಮೀನು ಮಾರುಕಟ್ಟೆಗೆ ಇಳಿಯುತ್ತವೆ. ಕರಗಿದ ಐಸಿನ ನೀರು, ಮೀನಿನ ಉಪ್ಪುನೀರು ಎರಡೂ ಸುರಿಯುವುದು ಚೈನಿನ ಮೇಲೆಯೇ. ನಾಲ್ಕನೇ ದಿನಕ್ಕೆ ತುಕ್ಕು ಹಿಡಿಯುತ್ತದೆ. ಅದಕ್ಕೇ ದಿನಕ್ಕೆ ಮೂರರಂತೆ ಸರದಿ. ಮಧ್ಯಾಹ್ನ ಬಿಚ್ಚುವುದು, ಸಂಜೆ ಉಜ್ಜುವುದು, ಬೆಳಗಾಗುತ್ತಲೇ ಸೇರಿಸುವುದು. ಇಪ್ಪತ್ತೆರಡು ವರ್ಷದಲ್ಲಿ ಹತ್ತಿರಹತ್ತಿರ ಇಪ್ಪತ್ತು ಸಾವಿರ ಸಲ ಅವಳು ಚೈನಿನ ಎರಡು ತುದಿಗಳನ್ನು ಒಂದು ಮಾಡಿದ್ದಾಳೆ.

"ಬಿಚ್ಚೋದಕ್ಕೆ ಬುದ್ಧಿ ಬೇಡ, ಉಜ್ಜೋದಕ್ಕೆ ತೋಳಿದ್ರೆ ಸಾಕು" ಎನ್ನುತ್ತಾಳೆ. "ಸೇರಿಸೋವಾಗ ಮಾತ್ರ ಮನಸ್ಸು ಅಲ್ಲೇ ಇರಬೇಕು. ಆಗ ನನ್ನ ಯಾರೂ ಮಾತಾಡಿಸಬಾರದು."

ಐದನೇ ನಂಬರಿನ ಸೈಕಲ್ಲಿಗೆ ಚೈನು ಏರುತ್ತಿದೆ. ಹಲ್ಲುಚಕ್ರಗಳಿಗೆ ಸುತ್ತಿದ ಚೈನಿನ ಎರಡು ತುದಿಗಳನ್ನು ಮೇಲ್ಸಾಲಿನಲ್ಲಿ ಎದುರುಬದುರು ತಂದು, ಎರಡು ಕಡ್ಡಿಯ ಕೊಂಡಿಯನ್ನು ಹಿಂದಿನಿಂದ ತೂರಿಸಿ, ಮುಂದಿನಿಂದ ಪಟ್ಟಿ ಕೂರಿಸುತ್ತಾಳೆ. ಕೊನೆಗೆ ಲಾಕು. ಉಗುರಿನಷ್ಟಿರುವ ಈ ಲಾಕು ನೋಡಲು ಮೀನಿನ ಹಾಗೆ: ಒಂದು ತುದಿ ಮುಚ್ಚಿದ ತಲೆ, ಇನ್ನೊಂದು ಸೀಳಿದ ಬಾಲ. ಚೈನು ಓಡುವ ದಿಕ್ಕಿಗೆ ತಲೆ ಇರಬೇಕು. ಬಾಲ ಮುಂದಾದರೆ ಏನಾದರೂ ತಗುಲಿ ಸೀಳು ಅಗಲವಾಗುತ್ತದೆ, ಲಾಕು ಹಾರುತ್ತದೆ, ಹಿಂದೆಯೇ ಪಟ್ಟಿ ಕಳಚುತ್ತದೆ. ಸೈಕಲ್ಲಿನ ಮುಂಭಾಗ ಸದಾ ಅವಳ ಬಲಕ್ಕಿರುತ್ತದೆ. ಹಾಗಾಗಿ ತಲೆ ಬಲಕ್ಕೆ. ಇಕ್ಕಳ ಒತ್ತುತ್ತದೆ. ಟಕ್.

ಆಮೇಲೆ ಪೆಡಲ್ ತಿರುಗಿಸಿ, ಲಾಕು ಮೂರು ಸಲ ಕಣ್ಣೆದುರು ಹಾದುಹೋಗುವುದನ್ನು ನೋಡುತ್ತಾಳೆ. ಮೂರನೆಯದು ಆಗದೆ ಸೈಕಲ್ ಕೊಕ್ಕೆಯಿಂದ ಇಳಿಯುವಂತಿಲ್ಲ.

ಇಷ್ಟು ಕಟ್ಟುನಿಟ್ಟಿಗೆ ಕಾರಣ ಅವಳ ಮನೆಯಲ್ಲೇ ಇದೆ. ಗಂಡ ಇದೇ ಫ್ಯಾಕ್ಟರಿಯಲ್ಲಿ ಐಸು ಸಾಗಿಸುತ್ತಿದ್ದವನು. ಈ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೇ ಬ್ರೇಕು. ಕೈಬ್ರೇಕೂ ಉಂಟು, ಆದರೆ ಐಸಿನ ನೀರಿಗೆ ನೆನೆದ ರಿಮ್ಮಿನ ಮೇಲೆ ಅದು ಹೆಸರಿಗಷ್ಟೇ. ಚೈನು ಕಳಚಿತೆಂದರೆ ಬ್ರೇಕೂ ಹೋಯಿತು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೆಳಗ್ಗೆ, ಅವಸರದಲ್ಲಿ ಯಾರೋ ಹಿಂದುಮುಂದಾಗಿ ಹಾಕಿದ ಲಾಕು ಇಳಿಜಾರಿನ ನಡುವೆ ಹಾರಿತು. ಕೆಳಗಿನ ತಿರುವಿನ ಕಲ್ಲುಗೋಡೆ ಅವನ ಸೊಂಟ ಮುರಿಯಿತು. ಎದ್ದು ಓಡಾಡಲು ಒಂದೂವರೆ ವರ್ಷ ಹಿಡಿಯಿತು.

"ಲಾಕು ಹಾಕಿದವನಿಗೆ ಶಾಪ ಹಾಕೋಕೆ ಅಂತ ಶೆಡ್ಡಿಗೆ ಬಂದೆ. ಅವನು ಆಗಲೇ ಕೆಲಸ ಬಿಟ್ಟು ಹೋಗಿದ್ದ. ಇಕ್ಕಳ ಮಾತ್ರ ಬಿದ್ದಿತ್ತು, ಎತ್ಕೊಂಡೆ" ಎನ್ನುತ್ತಾಳೆ. ಗಂಡ ಈಗ ಕೋಲೂರಿ ನಡೆಯುತ್ತಾನೆ, ಮನೆಯ ಅಡುಗೆ ಅವನದೇ. "ಚೆನ್ನಾಗೇ ಮಾಡ್ತಾರೆ. ಉಪ್ಪು ಮಾತ್ರ ದಿನಕ್ಕೊಂದು ಥರ. ಕೇಳಿದ್ರೆ, ಸಮುದ್ರವನ್ನ ಯಾರಾದ್ರೂ ಹೀಗೆ ಕೇಳ್ತಾರಾ ಅಂತಾರೆ."

ನಗುತ್ತಾ ಹೇಳಿದವಳು ಬಲಗೈ ಎತ್ತಲು ಹೋಗಿ ಹಲ್ಲು ಕಚ್ಚುತ್ತಾಳೆ. ಎರಡು ತಿಂಗಳಿನಿಂದ ಭುಜ ಹಿಡಿದುಕೊಂಡಿದೆ. ಎದೆಯ ಮಟ್ಟದಿಂದ ಮೇಲಕ್ಕೆ ನೋವಿಲ್ಲದೆ ತೋಳು ಏಳುವುದಿಲ್ಲ. ಇದು ಗಂಡನಿಗೆ ಗೊತ್ತು. ಫ್ಯಾಕ್ಟರಿಯ ಮೇಸ್ತ್ರಿಗೆ ಗೊತ್ತಿಲ್ಲ. ಗೊತ್ತಾದರೆ ಇಕ್ಕಳ ಬೇರೆ ಕೈಗೆ ಹೋಗುತ್ತದೆಂದು ಅವಳ ಭಯ.

ಇವತ್ತು ಮೀನಿನ ದೋಣಿಗಳು ಬೇಗ ಬಂದಿವೆ, ಕೆಳಗೆ ಐಸಿಗೆ ಕಾಯುತ್ತಿದ್ದಾರೆ. ಐದನೇ ನಂಬರ್ ಹೊರಟಾಯಿತು. ಆರನೆಯದಕ್ಕೆ ಬರುವಷ್ಟರಲ್ಲಿ ತೋಳು ಕಲ್ಲಾಗಿದೆ, ಮೇಲ್ಸಾಲಿಗೆ ಕೈ ಎಟುಕುತ್ತಿಲ್ಲ. ಚೈನಿನ ತುದಿಗಳನ್ನು ಒಂದು ಗೇಣು ಕೆಳಗೆ, ಕೆಳಸಾಲಿನಲ್ಲಿ ಕೂಡಿಸುತ್ತಾಳೆ. ಪಟ್ಟಿ, ಲಾಕು, ಇಕ್ಕಳ. ಟಕ್. ಪೆಡಲಿಗೆ ಕೈ ಹಾಕುವುದಕ್ಕೂ ಬಾಗಿಲಲ್ಲಿ ಆರನೇ ನಂಬರ್ ಓಡಿಸುವ ದೊಡ್ಡಪ್ಪ ಪ್ರತ್ಯಕ್ಷನಾಗುವುದಕ್ಕೂ ಸರಿಹೋಗುತ್ತದೆ. ಅವನಿಗಿನ್ನೂ ಮೂವತ್ತೆರಡು. ಊರಿಗೆಲ್ಲ ಬುದ್ಧಿವಾದ ಹೇಳುತ್ತಾನೆಂದು ಆ ಹೆಸರು.

"ಅಕ್ಕಾ, ಅದೇನು ಚೈನಿಗೆ ಜಡೆ ಹಾಕ್ತಿದ್ದೀಯಾ? ಅಲ್ಲಿ ನನ್ನ ಐಸು ಕರಗಿ ನೀರಾಗ್ತಿದೆ."

"ಬಾಯಿ ಮುಚ್ಕೊಂಡು ನಿಂತ್ಕೊ. ಇನ್ನೂ ತಿರುಗಿಸಿ ನೋಡಿಲ್ಲ."

"ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀಯಲ್ಲ, ಸಾಕು ಬಿಡು. ನಿನ್ನ ಕೈ ಮೇಲೆ ನಿನಗೇ ನಂಬಿಕೆ ಇಲ್ಲದಿದ್ರೆ ನಮ್ಮ ಗತಿ ಏನು?"

ಹೊಗಳಿಕೆಗೆ ಸೋತಳೋ, ನೋವಿಗೆ ಸೋತಳೋ, ಅವಳಿಗೇ ತಿಳಿಯದು. ಕೈ ಹಿಂದೆಗೆಯುತ್ತಾಳೆ. ದೊಡ್ಡಪ್ಪ ಸೈಕಲ್ ಇಳಿಸಿಕೊಂಡು ಓಡುತ್ತಾನೆ.

ಏಳನೇ ನಂಬರು. ಇದನ್ನೂ ಕೆಳಸಾಲಿನಲ್ಲೇ ಸೇರಿಸಿ, ಈ ಸಲ ಪೆಡಲ್ ತಿರುಗಿಸುತ್ತಾಳೆ. ಕೊಂಡಿ ಹಿಂದಕ್ಕೆ ಸರಿದು, ಹಿಂಬದಿಯ ಹಲ್ಲುಚಕ್ರ ಸುತ್ತಿ, ಮೇಲ್ಸಾಲಿಗೆ ಬರುತ್ತದೆ. ಅವಳ ಕೈ ನಿಲ್ಲುತ್ತದೆ. ಲಾಕು ಬಾಲ ಮುಂದಾಗಿ ಬರುತ್ತಿದೆ.

ಮೇಲ್ಸಾಲು ಮುಂದಕ್ಕೆ ಓಡುತ್ತದೆ, ಕೆಳಸಾಲು ಹಿಂದಕ್ಕೆ. ಕೆಳಗೆ ಸೇರಿಸುವಾಗ ತಲೆ ಎಡಕ್ಕಿರಬೇಕಿತ್ತು. ಕಣ್ಣಿಗೆ ಇದು ಗೊತ್ತು. ಕೈಯಲ್ಲಿದ್ದದ್ದು ಮಾತ್ರ ಇಪ್ಪತ್ತು ಸಾವಿರ ಸಲದ ರೂಢಿ, ಅದು ಬಲಕ್ಕೇ ಇಟ್ಟಿತು. ಏಳರಲ್ಲಿ ಹೀಗಾಗಿದ್ದರೆ ಆರರಲ್ಲೂ ಹೀಗೆಯೇ.

ಇಕ್ಕಳ ಹಿಡಿದೇ ಓಡುತ್ತಾಳೆ. ಲೋಡಿಂಗ್ ಕಟ್ಟೆಯಲ್ಲಿ ಐಸು ಎತ್ತುವವನೊಬ್ಬನೇ ಇದ್ದಾನೆ.

"ದೊಡ್ಡಪ್ಪ ಎಲ್ಲಿ?"

"ಈಗಷ್ಟೇ ಗೇಟು ದಾಟಿದ. ನಾಲ್ಕು ಗಡ್ಡೆ, ನೂರು ಕಿಲೋ. ಯಾಕಕ್ಕಾ, ಮುಖ ಹಿಂಗಾಗಿದೆ? ಫೋನ್ ಮಾಡ್ಲಾ?"

"ಬೇಡ! ಇಳಿಜಾರಲ್ಲಿದ್ರೆ ಜೇಬಿಗೆ ಕೈ ಹಾಕ್ತಾನೆ. ಬೇಡ, ಮಾಡಬೇಡ."

ಗೇಟಿನಿಂದ ಇಳಿಜಾರಿನ ತುದಿಗೆ ಇನ್ನೂರು ಹೆಜ್ಜೆ. ಅವಳು ತಲುಪಿದಾಗ ದೊಡ್ಡಪ್ಪ ಮೂರನೇ ಒಂದು ಭಾಗ ಇಳಿದಿದ್ದಾನೆ. ಬೆನ್ನು ಕಾಣುತ್ತಿದೆ. ಪೆಡಲಿನ ಮೇಲೆ ನಿಂತು, ಹಿಮ್ಮಡಿಯಲ್ಲಿ ಹದವಾಗಿ ಹಿಂದಕ್ಕೊತ್ತುತ್ತಾ ಇಳಿಯುತ್ತಿದ್ದಾನೆ. ಕೆಳಗಿನ ತಿರುವಿನಲ್ಲಿ ಕಲ್ಲುಗೋಡೆ, ಅದರಾಚೆ ಮೀನಿನ ಲಾರಿಗಳ ಸಾಲು.

ಕೂಗಲು ಬಾಯಿ ತೆರೆಯುತ್ತಾಳೆ. ಕೂಗುವುದಿಲ್ಲ. ತನ್ನ ದನಿ ಕೇಳಿದರೆ ಅವನು ಬೆಚ್ಚಿ, ಒಮ್ಮೆಲೇ ಒದ್ದು ಬ್ರೇಕ್ ಹಿಡಿಯುತ್ತಾನೆ. ನೂರು ಕಿಲೋ ಐಸಿನ ಭಾರ, ಅವನ ಮೈಭಾರ, ಎರಡೂ ಒಂದೇ ಏಟಿಗೆ ಆ ಉಗುರಿನಷ್ಟು ತಗಡಿನ ಮೇಲೆ ಬೀಳುತ್ತವೆ. ಹದವಾಗಿ ಇಳಿದರೆ ತಡೆದೀತು. ಎಡಗೈಯಿಂದ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾಳೆ. ಒಂದು ಲಾರಿ ಹಾರ್ನ್ ಹೊಡೆಯುತ್ತದೆ. ದೊಡ್ಡಪ್ಪನ ಸೈಕಲ್ ಅತ್ತಿತ್ತ ಓಲಾಡುತ್ತದೆ, ನೆಟ್ಟಗಾಗುತ್ತದೆ. ತಿರುವು ಬಂತು. ಗೋಡೆ ಪಕ್ಕಕ್ಕೆ ಸರಿಯಿತು. ಸೈಕಲ್ ಮಾರುಕಟ್ಟೆಯ ಸಮತಟ್ಟಾದ ನೆಲದಲ್ಲಿ ನಿಂತಿತು. ಅವನು ಕಾಲು ಊರಿದ.

ಅವಳು ಇಳಿಜಾರನ್ನು ಓಡಿಕೊಂಡೇ ಇಳಿಯುತ್ತಾಳೆ. ದೊಡ್ಡಪ್ಪ ಐಸಿನ ಮೇಲಿನ ಗೋಣಿ ತೆಗೆಯುತ್ತಿದ್ದಾನೆ.

"ಏನಕ್ಕಾ, ಮೀನು ತಗೊಳ್ಳೋಕೆ ಬಂದೆಯಾ? ಈ ವಯಸ್ಸಲ್ಲಿ ಇಷ್ಟು ಓಡಬಾರದು ನೀನು."

"ಬಗ್ಗಿ ನೋಡು."

ಇಬ್ಬರೂ ಬಗ್ಗುತ್ತಾರೆ. ಲಾಕಿನ ಸೀಳಿದ ಬಾಲ ಒಂದು ಕಡ್ಡಿಯಿಂದ ಹೊರಬಂದಿದೆ. ಸೀಳು ಅಗಲವಾದ ಲಾಕು ಇನ್ನೊಂದು ಕಡ್ಡಿಗೆ ಓರೆಯಾಗಿ ನೇತಾಡುತ್ತಿದೆ. ಅವಳು ಬೆರಳು ತಾಗಿಸಿದ್ದೇ ತಡ, ಅದು ನೆಲಕ್ಕೆ ಬೀಳುತ್ತದೆ. ಬುದ್ಧಿವಾದದ ದೊಡ್ಡಪ್ಪ ಪೆಟ್ಟಿಗೆಯನ್ನು ಹಿಡಿದುಕೊಂಡು ಹಾಗೇ ಕುಕ್ಕರಗಾಲಲ್ಲಿ ಕೂರುತ್ತಾನೆ.

"ನಾನು ಅವಸರ ಮಾಡಿದ್ದು" ಎನ್ನುತ್ತಾನೆ.

"ಅವಸರ ನಿಂದು. ತಪ್ಪು ನಂದು." ಸೊಂಟದ ಚೀಲದಿಂದ ಹೊಸ ಲಾಕು ತೆಗೆದು ಅಲ್ಲೇ ಹಾಕುತ್ತಾಳೆ. ಹಿಂದಿನ ಚಕ್ರವನ್ನು ಅವನಿಂದ ಎತ್ತಿಹಿಡಿಸಿ ಪೆಡಲ್ ತಿರುಗಿಸುತ್ತಾಳೆ. ಒಂದು, ಎರಡು, ಮೂರು.

"ಮೇಸ್ತ್ರಿಗೆ ನಾನೇನೂ ಹೇಳಲ್ಲಕ್ಕಾ. ದೇವರಾಣೆ."

"ನೀನು ಹೇಳೋದು ಬೇಡ" ಎಂದು ಎದ್ದವಳು ಇಳಿಜಾರನ್ನು ನಡೆದೇ ಹತ್ತುತ್ತಾಳೆ.

ಮೇಸ್ತ್ರಿ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಮಾತು ಕಡಿಮೆ. ಆರನೇ ನಂಬರಿನ ಕತೆಯನ್ನು, ಅದರ ಹಿಂದಿನ ಭುಜದ ಕತೆಯನ್ನು ಅವಳು ನಿಂತೇ ಒಪ್ಪಿಸುತ್ತಾಳೆ. ಕೇಳುತ್ತ ಅವನ ಮುಖ ಬಿಗಿಯುತ್ತದೆ.

"ಎರಡು ತಿಂಗಳು ಯಾಕೆ ಮುಚ್ಚಿಟ್ಟಿರಿ?"

"ಕೆಲಸ ಹೋಗುತ್ತೆ ಅಂತ."

"ಮತ್ತೆ ಈಗ ಯಾಕೆ ಹೇಳ್ತಿದ್ದೀರಿ? ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಮ್ಮನೇಲಿ ಕೋಲೂರೋ ಸದ್ದು ದಿನಾ ಕೇಳ್ತೀನಿ ಮೇಸ್ತ್ರಿಗಳೇ. ಅವತ್ತು ಲಾಕು ಹಾಕಿದವನು ಹೇಳದೇ ಹೋದ. ನಾನೂ ಹೇಳದೇ ಇದ್ರೆ, ಅವರು ಬಡಿಸಿದ ಅನ್ನ ಗಂಟಲಲ್ಲಿ ಇಳಿಯಲ್ಲ."

ಮೇಸ್ತ್ರಿ ಇಕ್ಕಳಕ್ಕಾಗಿ ಕೈ ಚಾಚುತ್ತಾನೆ. ಅವಳು ಕೊಡುತ್ತಾಳೆ. ಅದನ್ನು ಜೇಬಿಗಿಳಿಸಿ ಅವನು ಶೆಡ್ಡಿನತ್ತ ನಡೆಯುತ್ತಾನೆ, ಅವಳು ಹಿಂದೆ. ಏಳನೇ ನಂಬರು ಇನ್ನೂ ನೇತಾಡುತ್ತಿದೆ. ಅವನು ಸೈಕಲ್ಲನ್ನು ನೋಡುತ್ತಾನೆ, ಅವಳನ್ನು ನೋಡುತ್ತಾನೆ.

"ನೋವಿಲ್ಲದೆ ಕೈ ಎಲ್ಲಿ ತನಕ ಏಳುತ್ತೆ? ಎತ್ತಿ ನೋಡೋಣ. ಸುಳ್ಳು ಬೇಡ."

ಚೈನಕ್ಕ ಬಲಗೈ ಎತ್ತುತ್ತಾಳೆ. ಎದೆಗೆ ಬಂದು ತೋಳು ನಿಲ್ಲುತ್ತದೆ. ಇನ್ನೊಂದು ಬೆರಳಗಲ ಎತ್ತುವ ಆಸೆ ಮುಖದಲ್ಲಿ ಕಾಣುತ್ತದೆ. ಎತ್ತುವುದಿಲ್ಲ. ಮೇಸ್ತ್ರಿ ಸೀಮೆಸುಣ್ಣದಿಂದ ಪಕ್ಕದ ಕಂಬದ ಮೇಲೆ, ಅವಳ ಬೆರಳ ತುದಿ ನಿಂತಲ್ಲಿ, ಒಂದು ಗೆರೆ ಎಳೆಯುತ್ತಾನೆ.

"ನನ್ನ ಕೈ ಇಷ್ಟೇ ಬರೋದು ಮೇಸ್ತ್ರಿಗಳೇ" ಎನ್ನುತ್ತಾಳೆ ಅವಳು, ಕೈಯನ್ನು ಆ ಗೆರೆಯಿಂದ ಇಳಿಸದೆ. "ಕೊಕ್ಕೆ ತಗ್ಗಿಸಿ ಚೈನು ಇಲ್ಲಿಗೆ ತಂದ್ರೆ ಸಾಕು."