ಎಡಗಡೆಯ ಹಿಂದಿನ ಮಡ್ಗಾರ್ಡು

ಚಾಮರಾಜಪೇಟೆಯ ನಮ್ಮ ಮನೆಯ ಪೋರ್ಟಿಕೋದಲ್ಲಿ ಒಂದು ಹಳೇ ಕಾರಿದೆ. ಮಾವನವರು ಕೊಂಡಿದ್ದು. ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇರುತ್ತಿದ್ದ ಕಾಲದ್ದು. ನಮ್ಮನೆಯವರಿಗೆ ಅದರ ಮೇಲೆ ಎಷ್ಟು ಅಕ್ಕರೆ ಎಂದರೆ, ನನ್ನ ಮಂಡಿ ಆಪರೇಷನ್ ಆದಾಗ ಆಸ್ಪತ್ರೆಯಿಂದ ಮನೆಗೆ ಆಟೋದಲ್ಲಿ ಕರೆದುಕೊಂಡು ಬಂದರು. ವಾಕರ್ ತಗುಲಿ ಕಾರಿನ ಸೀಟು ಹರಿಯುತ್ತದಂತೆ.

ಹೋದ ವರ್ಷ ಬೇಸಿಗೆಯಲ್ಲಿ ಅದಕ್ಕೆ ಹೊಸ ಬಣ್ಣ ಹೊಡೆಸುವ ಹುಚ್ಚು ಹಿಡಿಯಿತು. ಮೆಷಿನ್ ಹಾಕಿ ಉಜ್ಜಿದರೆ ತಗಡು ಕಾದು ಸೊಟ್ಟಗಾಗುತ್ತದೆ, ಹಳೇ ಬಣ್ಣವನ್ನು ಕೈಯಲ್ಲೇ ತೆಗೆಯಬೇಕು, ಅದೂ ಓನರೇ ತೆಗೆದರೆ ಅದರ ಗತ್ತೇ ಬೇರೆ ಎಂದು ಹಳೇ ಕಾರುಗಳ ಗುಂಪಿನಲ್ಲಿ ಯಾರೋ ಇವರ ಕಿವಿ ಊದಿದ್ದರು. ಸರಿ, ಓನರು ಬನಿಯನ್ನಿನಲ್ಲಿ ನಿಂತು ಶುರು ಮಾಡಿದರು. ಎರಡನೇ ದಿನಕ್ಕೆ ಭುಜ ಹಿಡಿದುಕೊಂಡಿತು. ಮೂರನೇ ದಿನ, ನೀನು ಹೇಗೂ ಮಧ್ಯಾಹ್ನದ ಹೊತ್ತು ಖಾಲಿ ಕೂತಿರ್ತೀಯಲ್ಲ ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಂಟಲು ಹರಿದುಕೊಂಡು ರಿಟೈರಾದವಳಿಗೆ ಹೇಳುವ ಮಾತೇ ಇದು? ಮೈಯೆಲ್ಲಾ ಉರಿಯಿತು. ಉರಿದರೂ ಹೋಗಿ ಸ್ಟೂಲು ಹಾಕಿಕೊಂಡು ಕೂತೆ. ನನ್ನ ದಡ್ಡತನಕ್ಕೆ ಮದ್ದಿಲ್ಲ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಬಣ್ಣ ತೆಗೆಯುವ ಜೆಲ್ಲಿಯನ್ನು ಬ್ರಷ್ಷಿನಲ್ಲಿ ಬಳಿದು ಕಾಲು ಗಂಟೆ ಬಿಟ್ಟರೆ ಬಣ್ಣ ಹಪ್ಪಳದಂತೆ ಗುಳ್ಳೆ ಏಳುತ್ತದೆ. ಆಮೇಲೆ ಬ್ಲೇಡಿನಲ್ಲಿ ಕೆರೆಯಬೇಕು, ಉಳಿದದ್ದನ್ನು ನೀರು ಹಚ್ಚಿ ಉಪ್ಪುಕಾಗದದಲ್ಲಿ ಉಜ್ಜಬೇಕು. ಕೈಗವಸಿನೊಳಗೂ ಬೆರಳು ಚುರುಗುಟ್ಟುತ್ತದೆ. ಮೇಲೆ ಬಿಳಿ, ಅದರಡಿ ಕಡುನೀಲಿ, ಅದರಡಿ ಮಾವನವರು ಇಷ್ಟಪಟ್ಟು ತಂದಿದ್ದ ಬೂದು. ಎಲ್ಲಕ್ಕಿಂತ ಕೆಳಗೆ, ಬಣ್ಣಕ್ಕೆ ಮುಂಚೆ ಕಂಪನಿಯಲ್ಲೇ ಬಳಿದಿದ್ದ ಇಟ್ಟಿಗೆ ಕೆಂಪು ಪ್ರೈಮರ್. ನಾನು ಮೊದಲು ಕೈಹಾಕಿದ್ದು ಎಡಗಡೆಯ ಮುಂದಿನ ಮಡ್ಗಾರ್ಡಿಗೆ. ಅದಕ್ಕೊಂದು ಕಾರಣವಿತ್ತು.

ಈ ಕಾರನ್ನು ನಾನು ನನ್ನ ಜನ್ಮದಲ್ಲಿ ಆರೇ ಆರು ದಿನ ಓಡಿಸಿದ್ದೇನೆ. ಮದುವೆಯಾದ ಮರುವರ್ಷ ಇವರಿಗೇ ಏನನ್ನಿಸಿತೋ, ಕಲಿಸುತ್ತೇನೆ ಎಂದರು. ಬೆಳಗ್ಗೆ ಬೇಗ ಎದ್ದು ಗವಿಪುರದ ಕಡೆ ಹೋಗುತ್ತಿದ್ದೆವು. ನನಗೆ ಚೆನ್ನಾಗಿಯೇ ಬರುತ್ತಿತ್ತು. ಆರನೇ ದಿನ ವಾಪಸು ಬಂದಾಗ, ಗೇಟಿನೊಳಗೆ ನೀನೇ ತಗೋ ಎಂದರು. ನಿಧಾನವಾಗಿ ಮುಂದೆ ಬಂದೆ. ಎಡಗಡೆ ಮೂತಿ ಪೋರ್ಟಿಕೋ ಕಂಬಕ್ಕೆ ಟಕ್ ಎಂದು ತಗುಲಿತು. ಎಂಜಿನ್ ನಿಂತುಹೋಯಿತು. ಇವರು ಇಳಿದು ನೋಡಿ, ನೀನು ಒಳಗೆ ಹೋಗು ಎಂದರು. ನಾನು ಅಳುತ್ತಾ ಅಡುಗೆಮನೆ ಸೇರಿದೆ. ಅವತ್ತೇ ಕಾರು ಗ್ಯಾರೇಜಿಗೆ ಹೋಯಿತು. ಮಡ್ಗಾರ್ಡು ಅಪ್ಪಚ್ಚಿ ಎಂದು ಇವರು ಮನೆಯವರಿಗೆಲ್ಲ ಹೇಳಿದರು. ನಾನು ಕಣ್ಣಾರೆ ನೋಡಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಮಾವನವರು ಒಂದು ಮಾತೂ ಆಡಲಿಲ್ಲ. ಮಾರನೇ ದಿನದಿಂದ ಕೀಲಿ ಮಾತ್ರ ಅವರ ಜೇಬಿನಲ್ಲಿತ್ತು. ಅವರು ಹೋದ ಮೇಲೆ ಇವರ ಜೇಬಿಗೆ ಬಂತು.

ಅಲ್ಲಿಂದ ಶುರುವಾಯಿತು ತಮಾಷೆ. ಮದುವೆಯಿರಲಿ, ಹಬ್ಬವಿರಲಿ, ಊಟದ ಎಲೆ ಮುಂದೆ ಕೂತರೆ ಯಾರಾದರೊಬ್ಬರು ಕಂಬದ ಕಥೆ ತೆಗೆಯುತ್ತಿದ್ದರು. ನಾನು ಹೆತ್ತ ಮಗಳೇ, ಅಮ್ಮ ಸ್ಟೀರಿಂಗ್ ಹಿಡಿಯೋದಾದ್ರೆ ಮೊದಲು ಕಂಬಕ್ಕೆ ಇನ್ಶೂರೆನ್ಸ್ ಮಾಡ್ಸಿ ಎನ್ನುತ್ತಾಳೆ. ನಾನೂ ನಗುತ್ತಿದ್ದೆ. ನಂಬಿಬಿಟ್ಟಿದ್ದೆ. ಜೊತೆಯ ಟೀಚರುಗಳೆಲ್ಲ ಸ್ಕೂಟರ್ ಕಲಿತರು. ನನ್ನ ಕೈಗುಣ ಸರಿಯಿಲ್ಲ ಎಂದುಕೊಂಡು ನಾನು ಕೊನೆಯವರೆಗೂ ಬಸ್ಸಿನಲ್ಲಿ ಜೋತಾಡಿದೆ.

ಆ ಏಟು ಹೇಗಿತ್ತೋ ಈಗಲಾದರೂ ನೋಡೋಣ ಎಂದು ಮುಂದಿನ ಮಡ್ಗಾರ್ಡು ಕೆರೆದೆ. ಬಿಳಿ ಹೋಯಿತು, ನೀಲಿ ಹೋಯಿತು, ಬೂದು ಹೋಯಿತು. ಒಂದು ತಗ್ಗಿಲ್ಲ, ಒಂದು ಸುತ್ತಿಗೆ ಗುರುತಿಲ್ಲ. ಕೆಂಪು ಬಣ್ಣ ಒಂದು ಕಡೆಯೂ ಮುಕ್ಕಾಗಿರಲಿಲ್ಲ. ಬಹುಶಃ ಹೊಸ ಮಡ್ಗಾರ್ಡು ಹಾಕಿಸಿರಬೇಕು ಎಂದುಕೊಂಡೆ. ನೋಡಿ, ಆಗಲೂ ನಾನು ಅವರ ಪರವಾಗಿಯೇ ಯೋಚಿಸುತ್ತಿದ್ದೆ. ಬಿನ್ನಿಪೇಟೆಯಿಂದ ಬರುತ್ತಿದ್ದ ಪೇಂಟರನ್ನು ಕೇಳಿದೆ. ವಯಸ್ಸಾದ ಮನುಷ್ಯ. ಬೆರಳಿನ ಗೆಣ್ಣಿನಿಂದ ಕಾರಿನ ಸುತ್ತ ಕುಟ್ಟಿಕೊಂಡು ಬಂದರು.

'ಇದು ಕಂಪ್ನಿ ಕೋಟೇ ಅಮ್ಮ, ಯಾರೂ ಮುಟ್ಟಿಲ್ಲ. ಏಟು ಬಿದ್ದಿರೋದು ಹಿಂದ್ಗಡೆ.'

ಎಡಗಡೆಯ ಹಿಂದಿನ ಮಡ್ಗಾರ್ಡನ್ನು ಅವರೇ ಕೆರೆದು ತೋರಿಸಿದರು. ಬಣ್ಣದಡಿ ಅಕ್ಕಿರೊಟ್ಟಿ ದಪ್ಪಕ್ಕೆ ಪುಟ್ಟಿ ಮೆತ್ತಿದ್ದರು. ಅದನ್ನು ಎಬ್ಬಿಸಿದರೆ ಕೆಳಗೆ ಬೋಗುಣಿಯಷ್ಟು ತಗ್ಗು. ಇಡೀ ಕಾರಿನಲ್ಲಿ ಇದ್ದದ್ದು ಅದೊಂದೇ ಏಟು.

ಸಂಜೆ ಕಾಫಿ ಕೊಟ್ಟು ಎದುರಿಗೆ ಕೂತೆ.

'ನನಗೆ ನೀವು ರಿವರ್ಸ್ ಕಲಿಸೇ ಇರ್ಲಿಲ್ಲ,' ಎಂದೆ.

ಅವರಿಗೆ ತಕ್ಷಣ ಅರ್ಥವಾಯಿತು. ಲೋಟ ಕೆಳಗಿಟ್ಟರು. ನಾನು ಕಂಬಕ್ಕೆ ತಗುಲಿಸಿದ ಹಿಂದಿನ ದಿನ ಸಾಯಂಕಾಲ ಕುಮಾರ ಪಾರ್ಕಿನಲ್ಲಿ ಸ್ನೇಹಿತರ ಮನೆಯಿಂದ ಹೊರಡುವಾಗ ಹಿಂದಕ್ಕೆ ತೆಗೆದು ಕಲ್ಲುಬೆಂಚಿಗೆ ಗುದ್ದಿದ್ದರಂತೆ. ಅಪ್ಪನ ಕಣ್ಣಿಗೆ ಬೀಳದಂತೆ ಆ ಮಗ್ಗುಲನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರಂತೆ. ಮಾರನೇ ದಿನ ನಾನು ಟಕ್ ಎನ್ನಿಸಿದ್ದು ದೇವರೇ ಕೊಟ್ಟ ಹಾಗಾಯಿತು.

'ನನಗಾದ್ರೆ ಅಪ್ಪ ಚರ್ಮ ಸುಲೀತಿದ್ರು. ನಿನಗೆ ಏನೂ ಅನ್ನಲ್ಲ ಅಂತ ಗೊತ್ತಿತ್ತು ಕಣೇ. ಅನ್ಲೂ ಇಲ್ವಲ್ಲ?'

ಅನ್ನಲಿಲ್ಲ, ನಿಜ. ನಲವತ್ತು ವರ್ಷ ಊರೆಲ್ಲ ಅಂದಿತು. ಈ ಮಂಡಿ ಇಟ್ಟುಕೊಂಡು ಇನ್ನು ಕ್ಲಚ್ ಒತ್ತುವ ಆಸೆ ನನಗಿಲ್ಲ. ನಾನು ಕೇಳಿದ್ದು ಒಂದೇ. ಆಯುಧಪೂಜೆಗೆ ಎಲ್ಲರೂ ಬರುತ್ತಾರೆ, ಅವರೆದುರು ಒಂದು ಸಲ ನಿಜ ಹೇಳಿಬಿಡಿ. ಅಲ್ಲಿಯವರೆಗೆ ಆ ತಗ್ಗಿಗೆ ಪುಟ್ಟಿ ಹಾಕಕೂಡದು. ಇವರು ಹಾರಾಡಿದರು. ಹಾಗಿದ್ದರೆ ಬಾನೆಟ್ಟೂ ನಾಲ್ಕು ಬಾಗಿಲೂ ನೀವೇ ಕೆರೆದುಕೊಳ್ಳಿ ಎಂದೆ. ಭುಜ ನೆನಪಾಯಿತೇನೋ, ಆಯ್ತು ಹೇಳ್ತೀನಿ ಎಂದು ಒಪ್ಪಿದರು. ಹೀಗೆಲ್ಲಾ ಬಿಟ್ಟರೆ ನಮ್ಮ ಕೆಲಸದ ಮಾನ ಹೋಗುತ್ತೆ ಎಂದು ಪೇಂಟರ್ ಗೊಣಗಿದರು. ಅವರಿಗೂ ನಾನೇ ಸಮಾಧಾನ ಹೇಳಿದೆ. ಮಳೆಗಾಲವೆಲ್ಲ ಕೂತು ಉಜ್ಜಿದೆ.

ಆಯುಧಪೂಜೆಯ ದಿನ ಕಾರು ಬೂದು ಬಣ್ಣದಲ್ಲಿ ಥಳಥಳ ಎನ್ನುತ್ತಿತ್ತು. ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಪ್ರತಿ ಇಂಚೂ ಕೈಯಲ್ಲೇ ಕೆರೆದಿದ್ದು ಎಂದು ಇವರು ಬಂದವರಿಗೆಲ್ಲ ಹೇಳುತ್ತಿದ್ದರು. ಯಾರ ಕೈ ಎಂದು ಯಾರೂ ಕೇಳಲಿಲ್ಲ. ಹೋಗಲಿ, ಅದು ಬೇಡ. ನಾನು ಕಾಯುತ್ತಿದ್ದದ್ದು ಬೇರೆ ಮಾತಿಗೆ.

ಮೈದುನ ಸುತ್ತ ನೋಡಿಕೊಂಡು ಬಂದು ಹಿಂದಿನ ಮಡ್ಗಾರ್ಡಿನ ಹತ್ತಿರ ನಿಂತ. ಇದೇನು ಇಷ್ಟು ದೊಡ್ಡ ತಗ್ಗು ಹಾಗೇ ಬಿಟ್ಟಿದ್ದೀರಿ ಎಂದ. ಎಲ್ಲರೂ ಬಗ್ಗಿ ನೋಡಿದರು. ನಾನು ಇವರ ಮುಖ ನೋಡಿದೆ. ಇವರು ಹಾರ ಸರಿಮಾಡುತ್ತಾ, ಅದು ಹಳೇದು, ನೆನಪಿಗೆ ಇರಲಿ ಅಂತ ಬಿಟ್ಟೆ ಎಂದರು. ಓ, ಅತ್ತಿಗೆಯ ಕಂಬ ಎಂದು ಮೈದುನ ಚಪ್ಪಾಳೆ ತಟ್ಟಿದ. ಎಲ್ಲರೂ ಗೊಳ್ಳೆಂದರು. ನಾನೇ ಹಟ ಹಿಡಿದು ಉಳಿಸಿಕೊಂಡ ಸಾಕ್ಷಿ ಎಲ್ಲರ ಕಣ್ಣೆದುರಿಗೆ ನನ್ನ ಮೇಲೇ ತಿರುಗಿತ್ತು. ನಾನು ಬಾಯಿ ಬಿಟ್ಟೆ.

'ನನಗೆ ರಿವರ್ಸ್ ತೆಗೆಯೋಕೇ ಬರ್ತಿರ್ಲಿಲ್ಲ.'

'ಅದಕ್ಕೇ ಅಲ್ವಾ ಅತ್ತಿಗೆ, ಗುದ್ದಿದ್ದು?'

ಇನ್ನೂ ಜೋರಾಗಿ ನಕ್ಕರು. ಇವರೂ ನಕ್ಕರು. ನಕ್ಕು, ನನ್ನ ಕಡೆ ನೋಡದೆ, ಒಳಗೆ ಕೂತು ಕಾರು ಸ್ಟಾರ್ಟ್ ಮಾಡಿದರು. ನಿಂಬೆಹಣ್ಣು ಪಚಕ್ಕೆಂದಿತು. ಗೇಟಿನಾಚೆ ಒಂದು ಸುತ್ತು ಹೋಗಿ ಬಂದು, ಹಿಂದಕ್ಕೆ ತೆಗೆದುಕೊಂಡು ಒಳಗೆ ನಿಲ್ಲಿಸುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದೆ ಸ್ವಲ್ಪ ನೋಡ್ಕೊಳ್ಳೇ ಎಂದು ನನ್ನನ್ನೇ ಕೂಗಿದರು.

ನಾನು ಕಂಬದ ಪಕ್ಕ ನಿಂತು, ಬರ್ಲಿ, ಬರ್ಲಿ ಎಂದು ಕೈಯಾಡಿಸಿದೆ. ಆ ತಗ್ಗು ನೇರವಾಗಿ ಕಂಬದ ಕಡೆಗೇ ಬರುತ್ತಿತ್ತು. ಸುಮ್ಮನಿದ್ದುಬಿಡೋಣ ಎನ್ನಿಸಿತು, ಸುಳ್ಳು ಯಾಕೆ ಹೇಳಲಿ. ಒಂದು ಗೇಣು ಉಳಿದಾಗ, ಸಾಕು ನಿಲ್ಸಿ ಎಂದೆ. ಗುದ್ದಿದ್ದರೆ ಅದೂ ನನ್ನ ತಲೆಗೇ ಬರುತ್ತಿತ್ತು.