ಸರ್ ಆಡದ ಮಾತು

ಕೊಟ್ರೇಶಿ, ಅವತ್ತು ಫೋನಿನಲ್ಲಿ ನಿನಗೆ ‘ಇಲ್ಲೇ ಇರು’ ಎಂದವರು ಸರ್ ಅಲ್ಲ. ನಾನು.

ಇಷ್ಟನ್ನು ಬರೆಯಲು ಮೂರು ವರ್ಷ ಬೇಕಾಯಿತು. ಹರಿಹರ ಸ್ಟೇಷನ್ನಿನಲ್ಲಿ ಗಾಡಿ ತಡವೆಂದು ಸಾರುವ ಹೆಂಗಸಿನ ದನಿ ತೆಗೆಯಲು ನನಗೆ ಬರುತ್ತದೆ, ಸಿಟಿ ಬಸ್ಸಿನ ಕಂಡಕ್ಟರು ಬರುತ್ತಾನೆ, ಗೂಡ್ಸ್ ಆಟೋ ಸ್ಟಾರ್ಟ್ ಆಗದಿದ್ದಾಗ ನಿಮ್ಮಪ್ಪ ಅದಕ್ಕೆ ಹೇಳುವ ಬುದ್ಧಿಮಾತು ಬರುತ್ತದೆ, ಕೊನೆಗೆ ಆಟೋ ಕೊಡುವ ಉತ್ತರವೂ ಬರುತ್ತದೆ. ಈ ಒಂದು ವಾಕ್ಯ ಮಾತ್ರ ಬರಲಿಲ್ಲ. ನನಗೆ ‘ಗಿಣಿ’ ಎಂದು ಹೆಸರಿಟ್ಟವನು ನೀನೇ. ಗಿಣಿಗೆ ಹೇಳಿಕೊಟ್ಟಿದ್ದಷ್ಟೇ ಬರುವುದು, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ — ನೋಡು, ಆಗಲೇ ತಮಾಷೆಗೆ ಜಾರುತ್ತಿದ್ದೇನೆ. ತಡಿ.

ಆ ಬೇಸಿಗೆಯಲ್ಲಿ ನಿನ್ನ ಮುಂದೆ ಎರಡು ಸೀಟು ಇದ್ದವು. ದಾವಣಗೆರೆಯದು ಗಣಿತದ ಆನರ್ಸ್ — ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲಕ್ಕೂ ಸ್ಕಾಲರ್‌ಶಿಪ್. ಇನ್ನೊಂದು ದೆಹಲಿಯ ಕಾಲೇಜು. ಅದರ ಹೆಸರು ಕೇಳಿದರೆ ನಮ್ಮ ಓಣಿಯವರೂ ನೆಟ್ಟಗೆ ಕೂರುತ್ತಿದ್ದರು. ಆದರೆ ಅಲ್ಲಿ ಯಾವ ನೆರವೂ ಇರಲಿಲ್ಲ. ‘ನೀನು ಹ್ಞೂಂ ಅನ್ನು, ಹೆಂಗಾರ ಮಾಡ್ತೀನಿ’ ಎಂದಿದ್ದರು ನಿಮ್ಮಪ್ಪ. ನೀನು ಹ್ಞೂಂ ಎನ್ನಲಿಲ್ಲ, ಉಹ್ಞೂಂ ಎನ್ನಲೂ ಇಲ್ಲ. ಚನ್ನಬಸಪ್ಪ ಸರ್ ಹೇಳಿದಂತೆ ಎಂದು ಕೂತಿದ್ದೆ. ಹೈಸ್ಕೂಲಿನಿಂದ ನಮಗಿಬ್ಬರಿಗೂ ತಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟವರು. ಒಂದೊಂದೇ ಹೆಜ್ಜೆ ಸಾಧಿಸಿ, ತಾವೇ ಇನ್ನೊಮ್ಮೆ ನೋಡಿ, ಆಮೇಲೆ ‘ಬರ್ಕೊ’ ಎನ್ನುತ್ತಿದ್ದರು. ಅದಕ್ಕೆ ಮೊದಲು ಪೆನ್ನು ಎತ್ತಿದವರಿಗೆ ಬೈಗುಳ. ಅವರು ‘ಬರ್ಕೊ’ ಎಂದ ಮೇಲೆ ನೀನು ಮರುಪ್ರಶ್ನೆ ಹಾಕಿದ್ದನ್ನು ನಾನು ಕಂಡಿಲ್ಲ.

ಅವತ್ತು ಬೆಳಿಗ್ಗೆ ಸರ್ ನನ್ನನ್ನು ಕರೆಸಿದ್ದರು. ಅವರ ಫೋನು ಶುಭೋದಯದ ಹೂವಿನ ಚಿತ್ರಗಳಿಂದ ತುಂಬಿ ಉಸಿರುಗಟ್ಟಿತ್ತು, ಅಳಿಸಿಕೊಡಬೇಕಿತ್ತು. ಫೋನು ಕೈಗಿಡುತ್ತ ಅಂದರು: ‘ಕೊಟ್ರೇಶಿ ಬಂದು ಕೇಳಿದ್ರೆ ದಿಲ್ಲಿಗೇ ಹೋಗು ಅಂತೀನಿ ಕಣೋ. ಅವನ ತಲೆಗೆ ಸರಿಯಾಗಿ ಜಗಳ ಆಡೋ ಹುಡುಗ್ರು ಬೇಕು. ಇಲ್ಲಿ ಯಾರು ಅದಾರೆ? ನೀನು ಅದೀಯ, ಮಂಗ್ಯಾ.’ ಹೀಗೆಂದು ಲಿಂಗಪೂಜೆಗೆ ಒಳಗೆ ಹೋದರು. ಪೂಜೆ ಮುಗಿಯುವವರೆಗೆ ಅವರು ಯಾರ ಜೊತೆಗೂ ಮಾತಾಡುವುದಿಲ್ಲ. ಅಷ್ಟರಲ್ಲಿ ನಿನ್ನ ಫೋನು ಬಂತು.

ಎರಡು ಸಲ ಕೆಮ್ಮಿ, ಸರ್ ಹಾಗೆ ‘ಹೇಳಪ್ಪಾ’ ಎಂದೆ. ಇಷ್ಟೇ. ಎಷ್ಟು ಜನರ ದನಿಯಲ್ಲಿ ನಿನ್ನನ್ನು ಆಟ ಆಡಿಸಿಲ್ಲ ನಾನು. ಪ್ರತಿ ಸಲವೂ ಎರಡನೇ ಮಾತಿಗೇ ‘ಲೇ ಗಿಣಿ, ಫೋನ್ ಇಡಲೇ’ ಎನ್ನುತ್ತಿದ್ದೆ ನೀನು. ಅವತ್ತು ಅನ್ನಲಿಲ್ಲ. ನಂಬರು ಸರ್‌ದಾಗಿತ್ತಲ್ಲ.

‘ಸರ್… ನಂಗೆ ಹೆದ್ರಿಕೆ ಆಗ್ತೈತೆ. ಹೋಗ್ಲಾ, ಬ್ಯಾಡ್ವಾ?’

ಅಷ್ಟು ಸಣ್ಣ ದನಿ ನಿನ್ನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಆಗಲೇ ನಗಬೇಕಿತ್ತು — ನಕ್ಕು ಬಿಟ್ಟಿದ್ದರೆ ನೀನು ಎರಡು ಬೈದು ಮುಗಿಸುತ್ತಿದ್ದೆ. ನಗಲಿಲ್ಲ. ನನಗೆ ದಾವಣಗೆರೆಯಲ್ಲಿ ಬಿ.ಕಾಂ. ಸೀಟು ಸಿಕ್ಕಿತ್ತು; ಅದಕ್ಕಿಂತ ದೂರ ನಡೆಯುವ ಶಕ್ತಿ ನನ್ನ ಅಂಕಗಳಿಗಿರಲಿಲ್ಲ. ನೀನು ಹೋಗಿಬಿಟ್ಟರೆ — ಊರೆಲ್ಲ ನನ್ನ ಮಾತಿಗೆ ನಗುತ್ತದೆ, ನಿಜ. ನಕ್ಕು ಎದ್ದು ಹೋಗುತ್ತದೆ. ನಗು ಮುಗಿದ ಮೇಲೂ ಪಕ್ಕದಲ್ಲಿ ಕೂತಿರುತ್ತಿದ್ದವನು ನೀನೊಬ್ಬನೇ.

‘ದೊಡ್ಡ ಹೆಸರಿಗೆ ಬೀಳಬ್ಯಾಡಪ್ಪ. ಇಲ್ಲೇ ಇರು. ಬರ್ಕೊ.’

‘ಆತು ಸರ್’ ಎಂದು ನೀನು ಇಟ್ಟೆ.

ಹೂವಿನ ಚಿತ್ರಗಳ ಜೊತೆಗೆ ಆ ಕರೆಯ ಗುರುತನ್ನೂ ಅಳಿಸಿದೆ. ಸರ್ ವಿಭೂತಿ ಹಚ್ಚಿಕೊಂಡು ಹೊರಗೆ ಬಂದು, ‘ಎಲ್ಲಾ ತೆಗೆದ್ಯೇನೋ?’ ಎಂದರು. ‘ತೆಗೆದೆ ಸರ್’ ಎಂದೆ.

ನಾಲ್ಕಾರು ದಿನಕ್ಕೆ ನೀನು ಪೇಡೆ ಹಿಡಿದು ಬಂದೆ. ನಾನೂ ಅಲ್ಲಿದ್ದೆ, ನಿನಗೆ ನೆನಪಿರಬಹುದು. ‘ನೀವು ಹೇಳ್ದಂಗೇ ಇಲ್ಲೇ ಸೇರಿದೆ ಸರ್’ ಎಂದು ಕಾಲಿಗೆ ಬಿದ್ದೆ.

‘ನಾ ಹೇಳಿದ್ನಾ?’

‘ಫೋನ್ನಾಗೆ ಹೇಳಿದ್ರಲ್ಲ ಸರ್. ಬರ್ಕೊ ಅಂದ್ರಿ.’

ಸರ್ ನಿನ್ನನ್ನು ನೋಡಿದರು, ಆಮೇಲೆ ಕಿಟಕಿಯಲ್ಲಿದ್ದ ಫೋನನ್ನು ನೋಡಿದರು. ಮೊದಲೂ ಅವರು ಆಗೀಗ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದರು — ಆ ವಯಸ್ಸಿನವರೆಲ್ಲ ಹುಡುಕುವಷ್ಟೇ. ಆದರೆ ಆ ಹೊತ್ತಿನಲ್ಲಿ ಅವರು ಬೇರೆ ಏನನ್ನೋ ಹುಡುಕುತ್ತಿದ್ದರು, ಅದು ಸಿಗಲಿಲ್ಲ. ‘ಹೌದೌದು… ಹೇಳಿರ್ಬೇಕು. ಒಳ್ಳೇದಾಗ್ಲಿ’ ಎಂದರು. ನಾನು ಪೇಡೆ ತಿಂದೆ.

ನಿನಗೆ ಮಾಡಿದ ತಪ್ಪು ಒಂದು, ಸರ್‌ಗೆ ಮಾಡಿದ್ದು ಇನ್ನೊಂದು. ನೀನು ಅಲ್ಲಿಂದ ನೇರ ದಾವಣಗೆರೆಗೆ, ವಿದ್ಯಾನಗರದ ಹಾಸ್ಟೆಲ್ಲಿಗೆ ಹೋದೆ. ಆಮೇಲಿನದು ನಿನಗೆ ಗೊತ್ತಿಲ್ಲ. ಅದೇ ವರ್ಷ ಸರ್ ಪಾಠ ನಿಲ್ಲಿಸಿದರು. ಮುಂದೇನು ಓದಲಿ ಎಂದು ಕೇಳಿಕೊಂಡು ಬರುವ ಹುಡುಗರಿಗೆ, ‘ಬ್ಯಾರೆ ಯಾರನ್ನಾರ ಕೇಳ್ರಪ್ಪ. ನಾನು ಒಂದು ಅನ್ಕೊಂಡು ಇನ್ನೊಂದು ಹೇಳಿಬಿಡ್ತೀನಿ’ ಎನ್ನುತ್ತಾರೆ. ಮೊದಮೊದಲು ಅವರು ತಮಾಷೆ ಮಾಡುತ್ತಿದ್ದಾರೆ ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನ್ನನ್ನು ಇಲ್ಲಿ ಉಳಿಸಿಕೊಂಡು ನನಗೆ ಸಿಕ್ಕಿದ್ದೇನು? ಆನರ್ಸ್‌ನವರಿಗೆ ಭಾನುವಾರವೂ ಬಿಡುವಿಲ್ಲ. ಕಾಲೇಜು ಬಿಟ್ಟ ಮೇಲೆ ಎಷ್ಟೋ ಸಂಜೆ ನಿನ್ನ ಹಾಸ್ಟೆಲ್ಲಿನ ಗೇಟಿನವರೆಗೆ ಬಂದು, ನಿನ್ನ ಕೋಣೆಯ ದೀಪ ನೋಡಿ, ಕರೆಯದೆ ಹರಿಹರದ ಬಸ್ಸು ಹಿಡಿದಿದ್ದೇನೆ. ಕರೆದರೆ ಯಾರ ದನಿಯಲ್ಲಿ ಮಾತಾಡಲಿ ಎಂದು ತಿಳಿಯುತ್ತಿರಲಿಲ್ಲ. ನೀನು ಚೆನ್ನಾಗಿ ಓದುತ್ತಿದ್ದೀಯ. ದೆಹಲಿಯಲ್ಲಿ ಇನ್ನೂ ಚೆನ್ನಾಗಿರುತ್ತಿದ್ದೆಯೋ, ನಿಮ್ಮಪ್ಪ ಸಾಲದಲ್ಲಿ ಮುಳುಗುತ್ತಿದ್ದರೋ — ಯಾರಿಗೆ ಗೊತ್ತು. ಇಲ್ಲಿದ್ದದ್ದೇ ಒಳ್ಳೆಯದಾಯಿತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಆದರೆ ತೂಗಿ ನೋಡಬೇಕಾದವನು ನೀನಾಗಿದ್ದೆ. ನಾನು ತಕ್ಕಡಿಯನ್ನು ಬೆರಳಿನಿಂದ ಒತ್ತಿದೆ.

ಹೋದ ವಾರ ಸರ್ ಅವರ ಹೆಂಡತಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಹೇಳಿದರು: ‘ಇವರೇ ಹಟ ಮಾಡಿ ದಾವಣಗೆರೆ ಡಾಕ್ಟ್ರತ್ರ ಹೋಗಿದ್ರಪ್ಪ. ಮರೆವಿನ ರೋಗ ಏನಿಲ್ಲ ಅಂದ್ರು. ಇವರು ನಂಬಲ್ಲ. ಕೊಟ್ರೇಶಿಗೆ ಏನೋ ಹೇಳಿ ಮರೆತೆ ಅಂತಾರೆ, ಆವಾಗ್ಲೇ ಶುರುವಾಗಿತ್ತು ಅಂತಾರೆ.’

ಅಲ್ಲೇ ಒಳಗೆ ಹೋಗಿ ಹೇಳಿಬಿಡಬೇಕಿತ್ತು. ಹೋದೆ ಕೂಡ. ‘ಸರ್, ಆ ಫೋನ್ ಎತ್ತಿದ್ದು ನಾನು’ ಎಂದೆ. ಸರ್ ನನ್ನ ಬೆನ್ನು ತಟ್ಟಿದರು. ‘ಮುದುಕನ್ನ ಸಮಾಧಾನ ಮಾಡ್ತೀಯೇನೋ ಮಂಗ್ಯಾ? ಕೂಡ್ರು, ಚಾ ಕುಡಿ’ ಎಂದರು.

ನಂಬಲಿಲ್ಲ. ನನ್ನ ಮಾತನ್ನು ಯಾರಾದರೂ ಯಾಕೆ ನಂಬಬೇಕು?

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ನೀನು ನನ್ನ ಜೊತೆ ಮಾತಾಡದಿದ್ದರೆ ಅದು ಸರಿಯೇ. ನಾನು ಕ್ಷಮೆ ಕೇಳುತ್ತಿಲ್ಲ. ಆದರೆ ಈ ಭಾನುವಾರ ಹರಿಹರಕ್ಕೆ ಬಾ. ಸರ್ ಎದುರಿಗೆ ಕೂತು, ಅವತ್ತು ಕೇಳಿದ್ದನ್ನೇ ಇನ್ನೊಂದು ಸಲ ಕೇಳು. ಅವರ ದನಿಯನ್ನು ಊರಿಗೆಲ್ಲ ತೆಗೆದು ತೋರಿಸಿದ್ದೇನೆ, ಅವರ ಮುಂದೆ ಒಮ್ಮೆಯೂ ತೆಗೆದಿಲ್ಲ. ಭಾನುವಾರ ಅವರು ನನ್ನ ಬಾಯನ್ನೇ ನೋಡುತ್ತಿರುವಾಗ ಅವರದೇ ದನಿಯಲ್ಲಿ ನಿನಗೆ ಅವತ್ತಿನ ಉತ್ತರ ಹೇಳುತ್ತೇನೆ.