ಶ್ರಾವಣ ಬಂದಿತ್ತು, ಮೀನು ಬರಲಿಲ್ಲ

ಕಳೆದ ತಿಂಗಳು ಒಂದು ಬೆಳಿಗ್ಗೆ ನಾನು ನನ್ನ ಕೈಯಾರೆ ನಮ್ಮ ಬೆಕ್ಕನ್ನು ಕೊಂದೇಬಿಟ್ಟೆ ಅಂದುಕೊಂಡೆ.

ಏಳೂಕಾಲಿಗೆ ಇಂಜೆಕ್ಷನ್ ಕೊಟ್ಟಿದ್ದೆ. ಒಂಬತ್ತಾಗುವಷ್ಟರಲ್ಲಿ ಅದು ಕುಡಿದವರ ಹಾಗೆ ಹೆಜ್ಜೆ ಹಾಕುತ್ತಾ ಬಂದು, ಹೊಸ್ತಿಲ ಮೇಲೆ ಅಡ್ಡ ಬಿತ್ತು. ಕಾಲು ಸೆಟೆದುಕೊಂಡಿತ್ತು. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

ಬೆಕ್ಕಿಗೆ ಇಂಜೆಕ್ಷನ್ನಾ ಅಂತ ನಗಬೇಡಿ. ನಮ್ಮ ದಫೇದಾರನಿಗೆ (ಮೀಸೆ ನೋಡಿ ಇಟ್ಟ ಹೆಸರು) ಸಕ್ಕರೆ ಕಾಯಿಲೆ. ಬೇಸಿಗೆಯಲ್ಲಿ ಕೊಡಗಟ್ಟಲೆ ನೀರು ಕುಡಿದು ಕಡ್ಡಿಯಂತಾದಾಗ ಸಾಗರದ ದನದ ಡಾಕ್ಟರ ಹತ್ತಿರ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿದ್ದೆ. ಅವರೂ ಇದನ್ನು ಪುಸ್ತಕದಲ್ಲಿ ಓದಿದ್ದರೇ ಹೊರತು ಕಂಡಿರಲಿಲ್ಲ. "ಮನೇಲಿ ಇನ್ಸುಲಿನ್ ಕೊಟ್ಟು ಅಭ್ಯಾಸ ಇರೋರು ಯಾರಾದ್ರೂ ಇದಾರಾ?" ಅಂದರು. ಇದ್ದೆನಲ್ಲ! ಹತ್ತು ವರ್ಷದಿಂದ ದಿನಾ ಅಮ್ಮನಿಗೆ ಚುಚ್ಚುತ್ತಿರುವವಳು ನಾನೇ.

ಹೀಗೆ ನಮ್ಮ ಮನೆಯಲ್ಲಿ ಎರಡು ಸಿರಿಂಜು ಕುದಿಯತೊಡಗಿದವು. ಅಮ್ಮನದು ಒಂದು ಪಾತ್ರೆಯಲ್ಲಿ, ಬೆಕ್ಕಿನದು ಇನ್ನೊಂದರಲ್ಲಿ. ಫ್ರಿಜ್ ಇಲ್ಲದ ಮನೆ, ಔಷಧಿಯ ಸೀಸೆ ಒದ್ದೆ ಮರಳಿನ ಮಡಕೆಯೊಳಗೆ. ಬೆಕ್ಕಿಗೆ ಹೊತ್ತಿಗೆ ಎರಡೇ ಯೂನಿಟ್. ಗಾಜಿನ ಸಿರಿಂಜಿನ ಮೇಲೆ ಅದೆಷ್ಟು ಅಂತೀರಿ? ಒಂದು ಗೆರೆ ಆಚೀಚೆಯಾದರೆ ಜೀವವೇ ಹೋದೀತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಶಿವಮೊಗ್ಗದ ಟ್ರಂಕ್ ಕಾಲ್ ಜೋಡಿಸುವಾಗಲೂ ನನ್ನ ಕಣ್ಣೆದುರು ಆ ಗೆರೆಯೇ. ಮನೆಗೆ ಬಂದರೆ ಹಳೆಯ ಸೌಟು ಹಿಡಿದು ಬೆಕ್ಕಿನ ಹಿಂದೆ ಅಲೆಯುವುದು. ಮೂತ್ರ ಹಿಡಿದು, ಟೆಸ್ಟ್ ಟ್ಯೂಬಿನ ನೀಲಿ ದ್ರಾವಣಕ್ಕೆ ಹಾಕಿ ಕಾಯಿಸಬೇಕು. ಇಟ್ಟಿಗೆ ಕೆಂಪಾದರೆ ಸಕ್ಕರೆ ಜಾಸ್ತಿ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. "ಹಾಲು, ಅನ್ನ ಬಂದ್ ಮಾಡಿ. ಮೀನು, ಮಾಂಸ ಹಾಕಿ. ಮೊದ್ಲು ಊಟ, ಆಮೇಲೆ ಸೂಜಿ."

ಮೀನು! ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆ ನಮ್ಮದು. ಕಾಪಾಡಿದವರು ಪಕ್ಕದ ಮನೆಯ ಲಲಿತಕ್ಕ. ದಿನಾ ಬೆಳಿಗ್ಗೆ ಏಳೂವರೆಗೆ ಬೇಲಿ ಹತ್ತಿರ ಒಂದು ತೆಂಗಿನ ಗರಟೆ ತುಂಬ ಬೇಯಿಸಿದ ಮೀನು ಇಡುತ್ತಿದ್ದರು. ಅಮ್ಮ ಆ ಹೊತ್ತಿಗೆ ಸರಿಯಾಗಿ ದೇವರ ಕೋಣೆಗೆ ಹೋಗುತ್ತಿದ್ದಳು (ಕಾಣದಿದ್ದರೆ ಮೈಲಿಗೆಯಿಲ್ಲ). ಗರಟೆ ಒಂದು ದಿನವೂ ತಪ್ಪಿರಲಿಲ್ಲ. ಹಾಗಾಗಿ ನನಗೂ ಸಲಿಗೆ ಬಂತು. ಡ್ಯೂಟಿಗೆ ಹೊತ್ತಾಗುತ್ತದೆಂದು ಸೂಜಿ ಮೊದಲು, ಮೀನು ಆಮೇಲೆ ಮಾಡಿಕೊಂಡೆ.

ಅವತ್ತು ಗರಟೆ ಬರಲಿಲ್ಲ. ನಾನು ಅಮ್ಮನಿಗೆ ತಿಂಡಿ ಮಾಡುತ್ತಾ ಅದನ್ನು ನೋಡಲೂ ಇಲ್ಲ.

ಬೆಕ್ಕು ಬಿದ್ದದ್ದೇ ನಾನು ಬೇಲಿಗೆ ಓಡಿ ಕೂಗಿದೆ. ಲಲಿತಕ್ಕ ಒದ್ದೆ ಕೂದಲಲ್ಲೇ ಬಂದರು. "ಅಯ್ಯೋ, ಇವತ್ತಿಂದ ಶ್ರಾವಣ ಅಲ್ವೇನ್ರೀ? ತಿಂಗಳು ಪೂರ್ತಿ ನಾವು ಮೀನು ಮುಟ್ಟಲ್ಲ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ ಕಣ್ರೀ!"

ಶ್ರಾವಣ ಗೊತ್ತಿಲ್ಲದೆ ಏನು? ಬಾಗಿಲಿಗೆ ತೋರಣ ಕಟ್ಟಿದವಳು ನಾನೇ. ಆದರೆ ಬೇಲಿಯಾಚೆಗೂ ಶ್ರಾವಣ ಇರುತ್ತದೆ, ಅಲ್ಲಿಯ ಒಲೆಗೂ ವ್ರತ ಇರುತ್ತದೆ ಅಂತ ಹೊಳೆದಿರಲಿಲ್ಲ. ವರ್ಷಾನುಗಟ್ಟಲೆ ಪಕ್ಕದಲ್ಲಿದ್ದೂ ಅವರನ್ನು ನಾನು ಬರೀ 'ಮೀನು ತಿನ್ನುವವರು' ಅಂತ ಬಗೆದಿದ್ದೆ. ನಾಚಿಕೆಗೇಡು.

ಆ ಕ್ಷಣಕ್ಕೆ ನಾಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ವಾಪಸ್ ಓಡಿ ಬಂದೆ, ಏನು ಮಾಡಬೇಕೆಂದು ತೋಚಲಿಲ್ಲ. ಅಮ್ಮನೇ ಗೋಡೆ ಹಿಡಿದು ಬಂದು ಬೆಕ್ಕಿನ ಪಕ್ಕ ಕೂತಳು.

"ಇದು ಸಕ್ಕರೆ ಇಳಿದದ್ದು. ಎನಗೂ ಒಂದ್ಸಲ ಹಿಂಗೇ ಆಗಿತ್ತು. ಜೋನಿ ಬೆಲ್ಲ ತಗಬಾ, ಬೇಗ!"

ನೆಂಟರಿಗೆಂದು ಇಟ್ಟಿದ್ದ, ಪಾಕದಂಥ ಜೋನಿ ಬೆಲ್ಲದ ಡಬ್ಬ ತಂದೆ. ಅಮ್ಮ ಬೆರಳು ಅದ್ದಿ ಬೆಕ್ಕಿನ ಒಸಡಿಗೆ ಸವರಿದಳು. ಮತ್ತೆ ಸವರಿದಳು. ನಾನು ಗಡಿಯಾರ ನೋಡಲಾರದೆ ಬೆಕ್ಕಿನ ಹೊಟ್ಟೆ ನೋಡುತ್ತಾ ಕೂತೆ. ಏರುತ್ತಿದೆಯಾ? ನಿಂತಿತಾ? ಎಷ್ಟೋ ಹೊತ್ತಿನ ಮೇಲೆ ಒಂದು ಕಿವಿ ಅಲ್ಲಾಡಿತು. ಆಮೇಲೆ ನಾಲಿಗೆ ಹೊರಗೆ ಬಂತು. ನಾನು ಗೋಳೋ ಅಂತ ಅತ್ತೆ. ನಿಷೇಧ ಹಾಕಿದ್ದ ಹಾಲನ್ನವನ್ನೇ ಕಲಸಿ ಉಣಿಸಿದೆ.

ಅವತ್ತೇ ಮತ್ತೆ ಬುಟ್ಟಿ, ಮತ್ತೆ ಡಾಕ್ಟರು.

"ಟೆಸ್ಟಲ್ಲಿ ಯಾವ ಬಣ್ಣ ಬರ್ತಿದೆ?"

"ನೀಲಿ."

"ಎಷ್ಟು ದಿನದಿಂದ?"

"ಹತ್ತು ಹನ್ನೆರಡು ದಿನ ಆಯ್ತು, ಸಾರ್."

ಅವರು ಪೆನ್ನು ಕೆಳಗಿಟ್ಟರು. "ಅದಕ್ಕೆ ಔಷಧಿ ಬೇಡವಾಗ್ತಾ ಇದೆ ಕಣಮ್ಮಾ! ಅವತ್ತೇ ಯಾಕೆ ಬಂದು ಹೇಳ್ಲಿಲ್ಲ?"

ಹೆದರಿಕೆ. ದ್ರಾವಣ ಹಳತಾಗಿರಬಹುದು, ನನ್ನ ಕಣ್ಣೇ ಸರಿಯಿಲ್ಲದಿರಬಹುದು, ಡೋಸ್ ಇಳಿಸಿದರೆ ಮತ್ತೆ ಕೆಂಪಾದೀತು ಅಂತ ದಿನಾ ಒಂದೊಂದು ನೆಪ. ಕಾಯಿಲೆಗೆ ಹೆದರುವುದು ಎಲ್ಲರಿಗೂ ಗೊತ್ತು. ವಾಸಿಯಾಗುವುದಕ್ಕೂ ಹೆದರುವವರಿದ್ದಾರಾ? ಇದ್ದೇನೆ ನೋಡಿ.

ಡೋಸ್ ಒಂದಕ್ಕಿಳಿಯಿತು. ಒಂದು ವಾರದ ಮೇಲೆ ಪೂರ್ತಿ ನಿಂತಿತು. ಲಲಿತಕ್ಕ ಶ್ರಾವಣದುದ್ದಕ್ಕೂ ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಹಳೇ ಮಡಕೆಯಲ್ಲಿ ಬೆಕ್ಕಿಗೆ ಬೇರೆಯಾಗಿ ಮೀನು ಬೇಯಿಸಿದರು. "ವ್ರತ ನಮಗೆ, ಅದಕ್ಕೇನ್ರೀ?" ಅಂದರು. ಬಣ್ಣ ಇವತ್ತಿಗೂ ನೀಲಿಯೇ. ನಾನು ಇವತ್ತಿಗೂ ಸೌಟು ಬಿಟ್ಟಿಲ್ಲ. ಬೆಕ್ಕು ನಿದ್ದೆ ಮಾಡಿದರೂ ಎಬ್ಬಿಸಿ ನೋಡುತ್ತೇನೆ. ಕಾಯಿಲೆ ಮತ್ತೆ ಬರುವುದೇ ಇಲ್ಲ ಅಂತ ಡಾಕ್ಟರೂ ಮಾತು ಕೊಟ್ಟಿಲ್ಲ.

ಮೊನ್ನೆ ಬೆಳಿಗ್ಗೆ ಒಂದೇ ಸಿರಿಂಜು ಕುದಿಸಿದೆ. ಅಮ್ಮ ತೋಳು ಚಾಚಿದಳು, ಬಿಸಿಲಿಗೆ ಬಿದ್ದುಕೊಂಡಿದ್ದ ದಫೇದಾರನನ್ನು ನೋಡಿದಳು. ಮಕ್ಕಳು ಕೇಳುವ ಹಾಗೆ ಕೇಳಿದಳು:

"ಎನ್ನ ಸೂಜಿ ಯಾವಾಗ ನಿಲ್ಲೋದು ಹಂಗಾರೆ?"

ಯಾವ ಬಾಯಲ್ಲಿ ಹೇಳಲಿ, ನೀವೇ ಹೇಳಿ.